ಕಣ್ಣಾರೆ ಕಂಡ ಒಂದು ಘಟನೆ

ಚಿತ್ತಾಪುರ, ೧೦ ನವೆಂಬರ್ ೨೦೨೪

ಚಿತ್ತಾಪುರ ತಹಸೀಲ ಕಚೇರಿಯ ಆವರಣದಲ್ಲಿ ನಲವತ್ತೊಂದು ವರ್ಷ ಪರರ ಅರ್ಜಿಗಳನ್ನು ಬರೆದು, ಆರು ವರ್ಷಗಳ ಹಿಂದೆ ಲೇಖನಿ ಕೆಳಗಿಟ್ಟ ಮಡಿವಾಳಯ್ಯನಾದ ನಾನು, ವಯಸ್ಸು ಎಪ್ಪತ್ತಾರು, ಸ್ವಂತ ಬುದ್ಧಿಯಿಂದಲೂ ಯಾರ ಒತ್ತಾಯವೂ ಇಲ್ಲದೆಯೂ ಈ ವಹಿಯನ್ನು ಇಂದು ಆರಂಭಿಸಿರುತ್ತೇನೆ. ಕಾರಣ ಈ ಕೆಳಕಂಡಂತಿದೆ.

ನನ್ನ ಮೊಮ್ಮಗಳಾದ ಚಿ. ಭಾಗ್ಯಶ್ರೀಯು ಶಹಾಬಾದಿನ ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷದ ವಿಜ್ಞಾನ ಓದುತ್ತಿದ್ದಾಳೆ. ದಿನವೂ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದು ಸೇರುತ್ತಾಳೆ. ಹತ್ತನೆಯ ತರಗತಿಯಲ್ಲಿ ತಾಲ್ಲೂಕಿಗೇ ಮೊದಲ ಸ್ಥಾನ ಪಡೆದವಳು. ಸದರಿಯವಳು ದೆಹಲಿಯ ಆಚೆಗಿರುವ ಒಂದು ಮಹಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಲಿದ್ದಾಳೆ. ಇಡೀ ದೇಶದಿಂದ ನೂರೇ ಮಕ್ಕಳನ್ನು ಆರಿಸಿ, ಊಟ ವಸತಿ ಸಹಿತ ಓದಿಸುತ್ತಾರಂತೆ. ಅಂಕಪಟ್ಟಿಯೊಂದೇ ಸಾಲದು, ಕಲಿಸಿದ ಗುರುವಿನ ಶಿಫಾರಸು ಪತ್ರವೂ ಬೇಕು. ಕನ್ನಡದಲ್ಲಿದ್ದರೂ ಸ್ವೀಕರಿಸುತ್ತಾರೆ.

ಅವಳ ಭೌತಶಾಸ್ತ್ರದ ಉಪನ್ಯಾಸಕ ಸಂಗಮೇಶ್ವರನು ಫೋನಿನಲ್ಲಿ ಹೀಗೆಂದನು: “ಸ್ವಾಮೇರ, ನಿಮ್ಮ ಮುಂದ ನಾ ಏನ್ ಬರೀಲಿ? ನೀವೇ ಬರ್ದು ಕೊಟ್ಟು ಕಳಸ್ರಿ. ನಾ ಸಹಿ ಮಾಡಿ ಕಂಪ್ಯೂಟರಿನ್ಯಾಗ ಏರಸ್ತೀನಿ.” ಅವನ ತಂದೆಯ ಹೊಲದ ಖಾತೆ ಬದಲಾವಣೆಯ ಅರ್ಜಿ ಬರೆದವನು ನಾನೇ ಎಂಬುದನ್ನು ಅವನು ಮರೆತಿಲ್ಲ.

ನನ್ನ ಕೈಯ ಅರ್ಜಿ ಯಾವ ಮೇಜಿನಿಂದಲೂ ಹಿಂದಕ್ಕೆ ಬಂದದ್ದಿಲ್ಲ. ಇದು ನನ್ನ ಕೊನೆಯ ಬರವಣಿಗೆಯಾಗಲಿದೆ. ಅದರ ಕಡತ ನನ್ನೊಬ್ಬನ ಬಳಿಯಾದರೂ ಇರಲೆಂದು ಈ ವಹಿ.

ಸಹಿ, ಮಡಿವಾಳಯ್ಯ.

೧೬ ನವೆಂಬರ್

ಪತ್ರ ಸಿದ್ಧವಾಗಿದೆ. ಸದ್ಗುಣ, ವಿನಯ, ಗುರುಭಕ್ತಿ ಮುಂತಾದವುಗಳಿಗೆ ಅಡಚಣೆಯಾಗಲಿಲ್ಲ. ಆದರೆ ನಾಲ್ಕನೆಯ ಕಾಲಮಿನಲ್ಲಿ ಕೈ ನಿಂತಿತು. ಅಲ್ಲಿ ಕೇಳಿರುವುದು ಇಷ್ಟು: ‘ಈ ವಿದ್ಯಾರ್ಥಿಯ ಸ್ವಭಾವವನ್ನು ತೋರಿಸುವ, ನೀವು ಕಣ್ಣಾರೆ ಕಂಡ ಒಂದು ಘಟನೆಯನ್ನು ಬರೆಯಿರಿ.’

ಹುಡುಗಿ ಓದುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ. ಇದರಲ್ಲಿ ಘಟನೆ ಎಲ್ಲಿಯದು? ಆದಕಾರಣ ಟ್ರಂಕಿನಿಂದ ನಮೂನೆಯ ವಹಿಯನ್ನು ತೆಗೆದೆ. ನನಗೆ ಕೆಲಸ ಕಲಿಸಿದ ಹಾಜಿಮಲಂಗ್ ಸಾಹೇಬರು ಮೊದಲ ದಿನವೇ ಹೇಳಿದ್ದರು, ಗೆದ್ದ ಅರ್ಜಿಯನ್ನು ನಕಲು ಮಾಡಿಟ್ಟುಕೋ, ಸೋತದ್ದನ್ನು ಹರಿದುಬಿಡು ಎಂದು. ಆ ವಹಿಯಲ್ಲಿ ಗೆದ್ದವು ಮಾತ್ರ ಇವೆ. ೧೯೯೮ರಲ್ಲಿ ಚಿಂಚೋಳಿ ಕಡೆಯ ನಾಮದೇವನಿಗೆ ಶೌರ್ಯ ಪ್ರಶಸ್ತಿ ತಂದುಕೊಟ್ಟ ಪುಟ ಸಿಕ್ಕಿತು. ಹೆಸರು ಬದಲಿಸಿ ಇಳಿಸಿದೆ:

‘ಸದರಿ ವಿದ್ಯಾರ್ಥಿನಿಯು ಪ್ರಾಣದ ಹಂಗು ತೊರೆದು, ಉಕ್ಕಿ ಹರಿಯುತ್ತಿದ್ದ ಕಾಗಿಣಾ ನದಿಗೆ ಧುಮುಕಿ, ಆಡಿನ ಸಮೇತ ಕೊಚ್ಚಿಹೋಗುತ್ತಿದ್ದ ಅನಾಥ ವೃದ್ಧೆಯನ್ನು ದಡಕ್ಕೆ ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

ಆಡನ್ನು ತೆಗೆಯಬೇಕೆಂದಿದ್ದೆ, ಬಿಟ್ಟೆ. ಆಡಿನಿಂದ ಘಟನೆಗೆ ತೂಕ ಬರುತ್ತದೆ. ಇದನ್ನು ಸುಳ್ಳೆನ್ನಲು ಬರುವುದಿಲ್ಲ. ಘಟನೆ ನಡೆದಿರುವುದು ನಿಜ; ನಡೆಸಿದವರ ಹೆಸರು ಮಾತ್ರ ಬೇರೆ.

ಸೊಸೆ ಬಸವೇಶ್ವರಿ ಬಟ್ಟೆ ಒಣಹಾಕುವ ಹಗ್ಗ ಕಾಣುತ್ತಿಲ್ಲವೆಂದು ದೂರಿದಳು. ಭಾಗ್ಯಶ್ರೀ ಅದನ್ನು ಶಹಾಬಾದಿನ ಪಕ್ಕದ ಭಂಕೂರಿಗೆ ಒಯ್ದಿದ್ದಾಳಂತೆ. ಭಾನುವಾರಗಳಂದು ಅವಳೂ ಅವಳ ಗೆಳತಿಯೂ ಅಲ್ಲಿಯ ಹಾಳು ಕಲ್ಲುಗಣಿಯ ನೀರಿಗೆ ಹಗ್ಗ ಇಳಿಬಿಟ್ಟು ಆಳ ನೋಡುತ್ತಾರೆ. ಓದುವ ಹುಡುಗಿಗೆ ಇದೆಂಥ ಹುಚ್ಚೋ ತಿಳಿಯದು. ಹೊಸ ಹಗ್ಗ ತರಿಸುವುದು.

ಸಹಿ, ಮಡಿವಾಳಯ್ಯ.

೧೭ ನವೆಂಬರ್

ಆ ಗೆಳತಿಯೇ ಇಂದು ತಾಯಿಯೊಡನೆ ಬಂದಿದ್ದಳು. ಹೆಸರು ರಮಾಬಾಯಿ. ತಾಯಿ ಅನಸುಬಾಯಿ ಭಂಕೂರಿನ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊಳಪು ಮಾಡುವ ಕೆಲಸದವಳು. ಭಾಗ್ಯಶ್ರೀ ತಂದೆಯೊಡನೆ ಸೇಡಂಗೆ ಹೋಗಿದ್ದಳು. ಇಬ್ಬರನ್ನೂ ಅಂಗಳದ ಕಟ್ಟೆಯ ಮೇಲೆ ಕುಳ್ಳಿರಿಸಿದೆ. ಒಂದು ಚೀಲ ಹಸಿ ತೊಗರಿಕಾಯಿ ತಂದಿದ್ದರು.

“ಸ್ವಾಮೇರ, ನಮ್ಮ ಹುಡುಗಿನೂ ಅದೇ ದೊಡ್ಡ ಸಾಲಿಗಿ ಅರ್ಜಿ ಹಾಕಾಕತ್ತಾಳ್ರಿ. ಸಂಗಮೇಶ್ವರ ಸರ್ ನಿಮ್ಮ ಕಡೆ ಹೋಗ್ರಿ ಅಂದ್ರು. ನಿಮ್ಮ ಅಕ್ಷರ ಭಾಳ ಚಂದ ಅಂತ,” ಎಂದಳು ಅನಸುಬಾಯಿ.

ಹುಡುಗಿಯ ಸ್ವಭಾವ ಹೇಗೆಂದು ಕೇಳಿದೆ. ಕೇಳುವುದು ಪದ್ಧತಿ.

“ಏನ್ ಹೇಳಲ್ರಿ. ವಾರಾವಾರ ಖಣಿ ನೀರು ಅಳೀತಾಳ, ಎಷ್ಟು ಇಳೀತು ಅಂತ ಬರ್ದಿಡ್ತಾಳ. ಅದನ್ನ ನೋಡೇ ಹೋದ ಬ್ಯಾಸಗಿಗಿ ನಮ್ಮ ಓಣಿ ಬಾವಿ ಯಾವಾಗ ಬತ್ತತದ ಅಂತ ಒಂದ ತಿಂಗಳ ಮೊದಲೇ ಹೇಳಿದ್ಲು. ಹೇಳಿದ್ದಕ್ಕಿಂತ ನಾಕ ದಿನ ಹೆಚ್ಚು ಕಮ್ಮಿ ಆತು ನೋಡ್ರಿ, ಅಷ್ಟ. ಹೆಣ್ಮಕ್ಕಳೆಲ್ಲಾ ಮೊದಲೇ ಡ್ರಮ್ಮು ತುಂಬಿಸ್ಕೊಂಡ್ವಿ.”

“ಇದು ಬರಿಯೂವಂಥ ಸಂಗತಿ ಅಲ್ಲವ್ವಾ,” ಎಂದೆ. “ಇಂಥಾದ್ದಕ್ಕ ನಮೂನಿ ಇಲ್ಲ.”

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಮೊಣಕೈ ಹಿಡಿದಳು.

ನಿನ್ನೆಯ ಕರಡು ಮೇಜಿನ ಮೇಲೆಯೇ ಇತ್ತು. ಅರ್ಧ ಗಂಟೆಯಲ್ಲಿ ನಕಲು ಮುಗಿಯಿತು. ಹೆಸರು ಬದಲಿಸಿದೆ, ಊರು ಬದಲಿಸಿದೆ. ಅವಳಿಗೆ ಪ್ರವೇಶ ದೊರೆಯುವುದೆಂದು ನನಗೇನೂ ಅನಿಸಲಿಲ್ಲ. ಕಲ್ಲು ಕೆಲಸದವರ ಮನೆಯ ಮಗು ಆಸೆಯಿಂದ ಬಂದಿದೆ, ಬರಿಗೈಯಲ್ಲಿ ಕಳಿಸಬಾರದೆಂದಷ್ಟೇ. ಎರಡೂ ಲಕೋಟೆಗಳನ್ನು ಅಂಟಿಸಿ ಸಂಗಮೇಶ್ವರನಿಗೆ ಕಳಿಸಿದೆ. ತೊಗರಿಕಾಯಿ ಎಳೆಯವು, ಚೆನ್ನಾಗಿದ್ದವು.

೨೨ ಜನವರಿ ೨೦೨೫

ಇಬ್ಬರ ಹೆಸರೂ ಮುಂದಿನ ಹಂತಕ್ಕೆ ಬಂದಿದೆ. ಇಡೀ ಜಿಲ್ಲೆಯಲ್ಲಿ ಇವರಿಬ್ಬರೇ ಎಂದು ಸಂಗಮೇಶ್ವರ ಹೇಳಿದನು. ಎರಡೂ ನನ್ನ ಕೈಯ ಬರವಣಿಗೆ! ನಿವೃತ್ತಿಯಾದ ಮೇಲೂ ಕೈ ಸೋತಿಲ್ಲವೆಂದು ನಾಲ್ಕು ಜನರಿಗೆ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು.

೨ ಫೆಬ್ರವರಿ

ಸಂದರ್ಶನ ಹದಿನೈದಕ್ಕೆ. ಅದೊಂದು ವಿಚಾರಣೆಯೇ. ಅರ್ಜಿ ಬರೆದುಕೊಟ್ಟವನು ವಿಚಾರಣೆಗೂ ಅರ್ಜಿದಾರನನ್ನು ಸಿದ್ಧಪಡಿಸುವುದು ನಮ್ಮ ಕಸುಬಿನ ಪದ್ಧತಿ. ಮೊದಲು ಭಾಗ್ಯಶ್ರೀಗೆ ನಾಲ್ಕನೆಯ ಕಾಲಮಿನ ವಿಷಯ ಹೇಳಿದೆ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದಳು.

“ಮುತ್ಯಾ, ಕಾಗಿಣಾದಾಗ? ನಾನು? ನಾ ಮೊಣಕಾಲ ಮಟಾ ಸುದ್ದಾ ಇಳದಿಲ್ಲ!”

“ಕೇಳಿದ್ರ ಹೌದು ಅನ್ನು. ಅರ್ಜಿ ಬಿಟ್ಟು ಬ್ಯಾರೆ ಮಾತಾಡಿದವ್ರು ಯಾರೂ ಗೆದ್ದಿಲ್ಲ.”

“ಕೇಳಿದ್ರ ಖರೇ ಹೇಳ್ತೀನಿ. ಈಗ್ಲೇ ಹೇಳಿ ಬಿಟ್ಟೀನಿ.”

ಎಳೆಯ ವಯಸ್ಸು. ಎದುರಿಗೆ ಅಧಿಕಾರಿಗಳು ಕುಳಿತಾಗ ದಾರಿಗೆ ಬರುತ್ತಾಳೆ.

ಮಧ್ಯಾಹ್ನ, ಅವಳು ಟ್ಯೂಷನ್ನಿಗೆ ಹೋಗಿದ್ದಾಗ, ರಮಾಬಾಯಿಯನ್ನು ಕರೆಸಿಕೊಂಡೆ. ಪತ್ರದ ಮಾತನ್ನು ಮೂರು ಸಲ ಹೇಳಿಸಿದೆ.

“ಮುತ್ಯಾ, ನನಗ ಈಸಾಕ ಬರಂಗಿಲ್ಲ,” ಎಂದಳು.

“ಬರತದ ಅಂತ ಹೇಳು.”

“ಸರ್ ಏನರೆ ಅಂದ್ರ?”

“ಸಹಿ ಮಾಡಿದವ ಏನಂತಾನ? ಫಿಕರ್ ಮಾಡಬ್ಯಾಡ. ಯಾರ ಮುಂದೂ ಆಡಬ್ಯಾಡ. ಭಾಗ್ಯಶ್ರೀ ಮುಂದನೂ.”

ತಲೆಯಾಡಿಸಿದಳು. ಮೂರನೆಯ ಸಲ ಒಂದು ಅಕ್ಷರವೂ ತಪ್ಪಲಿಲ್ಲ. ಭಾಗ್ಯಶ್ರೀಗಿಂತ ಇವಳಲ್ಲಿ ವಿಧೇಯತೆ ಹೆಚ್ಚೆಂದು ಗಮನಕ್ಕೆ ಬಂತು.

ಎರಡೂ ಪತ್ರ ಒಂದೇ ಎಂಬುದನ್ನು ನಾನು ಇಬ್ಬರಿಗೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

೧೫ ಫೆಬ್ರವರಿ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಶಹಾಬಾದಿನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಸಂದರ್ಶನ. ನಾನೂ ಜೊತೆಗೆ ಹೋಗಿದ್ದೆ. ಹತ್ತು ಗಂಟೆಗೆ ರಮಾಬಾಯಿ ಒಳಗೆ ಹೋದಳು. ಅರ್ಧ ಗಂಟೆಗೆ ಬೆವರಿಕೊಂಡು, ನಗುತ್ತಾ ಹೊರಬಂದಳು. “ನದಿ ಸುದ್ದಿನೇ ಕೇಳಿದ್ರು, ಮುತ್ಯಾ. ಎರಡೆರಡು ಸಲ ಕೇಳಿದ್ರು. ನೀವು ಹೇಳಿದಂಗ ಹೇಳಿದೆ.” ನಾನು ಶಹಬ್ಬಾಸ್ ಎಂದೆ. ಅವಳ ಬೆನ್ನು ತಟ್ಟಿದೆ. ತಾಯಿಗೆ ಮಧ್ಯಾಹ್ನದ ಬುತ್ತಿ ಮುಟ್ಟಿಸಬೇಕೆಂದು ಅವಳು ಹೊರಟುಹೋದಳು.

ಹನ್ನೊಂದಕ್ಕೆ ಭಾಗ್ಯಶ್ರೀ. ಹೊರಬಂದವಳು ನನ್ನ ಮುಖ ನೋಡದೆ ಸ್ಟೇಷನ್ನಿನ ಕಡೆ ನಡೆದಳು. ವಾಡಿಯಲ್ಲಿ ಇಳಿದಾಗ ನಮ್ಮ ಗಾಡಿಗೆ ಇನ್ನೂ ಒಂದು ಗಂಟೆ ಇತ್ತು. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಚಹಾ ಬೇಕೇ ಎಂದೆ. ಬೇಡವೆಂದಳು. ಆಮೇಲೆ ಅವಳೇ ಮಾತು ತೆಗೆದಳು.

“ರಮಾಂದೂ ನೀವೇ ಬರ್ದೀರಿ ಅಂತ ಗೊತ್ತಿತ್ತು, ಮುತ್ಯಾ. ಅದನ್ನೇ ಬರ್ದೀರಿ ಅಂತ ಗೊತ್ತಿರಲಿಲ್ಲ.”

“ನಮೂನಿ ಒಂದ. ಹೆಸರು ಬ್ಯಾರೆ.”

“ಅವರೂ ಅದನ್ನೇ ಕೇಳಿದ್ರು. ಒಂದ ಕಾಲೇಜು, ಇಬ್ರು ಹುಡುಗ್ಯಾರು. ಒಂದ ಹೊಳಿ, ಒಂದ ಮುದುಕಿ, ಒಂದ ಆಡು. ಇದು ಹ್ಯಾಂಗ ಅಂತ.”

“ನೀ ಏನ್ ಹೇಳ್ದಿ?”

“ಎರಡೂ ಸುಳ್ಳ, ನಮ್ಮ ಮುತ್ಯಾ ಬರ್ದಾರ ಅಂದೆ.” ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. “ರಮಾನೂ ಖರೇನೇ ಹೇಳಿರ್ತಾಳ ಅಂತ ತಿಳದು ಅಂದೆ. ಹೇಳಿರ್ತಾಳಲ್ಲಾ?”

ರಮಾ ಏನು ಹೇಳಿದ್ದಳೆಂದು ನನಗೆ ಗೊತ್ತಿತ್ತು. ಶಹಬ್ಬಾಸ್ ಎಂದವನು ನಾನೇ.

ಅಷ್ಟರಲ್ಲಿ ಗಾಡಿ ಬಂತು. ನಾನು ಬೆಂಚಿನಿಂದ ಎದ್ದೆ. ಗಾಡಿ ಬಾರದಿದ್ದರೂ ಏಳುತ್ತಿದ್ದೆನೆಂದು ಕಾಣುತ್ತದೆ.

೧೬ ಫೆಬ್ರವರಿ

ಭಾಗ್ಯಶ್ರೀ ಭಂಕೂರಿಗೆ ಹೋಗಿ ಬಂದಳು. ಎಲ್ಲವೂ ಅವಳಿಗೆ ಗೊತ್ತಾಗಿದೆ. ನನ್ನೊಡನೆ ಮಾತಿಲ್ಲ.

೨೮ ಮಾರ್ಚ್

ಫಲಿತಾಂಶ ಬಂದಿದೆ. ಭಾಗ್ಯಶ್ರೀಗೆ ಪ್ರವೇಶ ದೊರೆಯಿತು. ಪತ್ರವನ್ನು ಬದಿಗಿಟ್ಟು, ಅವಳು ಸಂದರ್ಶನದಲ್ಲಿ ನಿಜ ಹೇಳಿದ್ದನ್ನು ಗಣನೆಗೆ ತೆಗೆದುಕೊಂಡಿದ್ದಾರಂತೆ.

ರಮಾಬಾಯಿಗೆ ದೊರೆಯಲಿಲ್ಲ. ಕೇಳಿ ಕೇಳಿ ಅವಕಾಶ ಕೊಟ್ಟರೂ ಅಸತ್ಯವನ್ನೇ ನುಡಿದ ಅಭ್ಯರ್ಥಿ ಮುಂದಿನ ವರ್ಷಗಳಲ್ಲಿಯೂ ಅರ್ಜಿ ಹಾಕುವಂತಿಲ್ಲ ಎಂದು ಬರೆದಿದ್ದಾರೆ. ತನ್ನ ಗೆಳತಿಯ ತಪ್ಪಿಲ್ಲವೆಂದು ಭಾಗ್ಯಶ್ರೀ ಫೆಬ್ರವರಿಯಲ್ಲಿಯೇ ಅವರಿಗೆ ಎರಡು ಸಲ ಬರೆದಿದ್ದಳಂತೆ. ಅದು ನನಗೆ ಇಂದು ತಿಳಿಯಿತು.

ಸಂಗಮೇಶ್ವರ ಫೋನು ಮಾಡಿದ್ದ. “ನಿಮ್ಮ ಅಕ್ಷರ ನೋಡಿ, ಓದದೇ ಸಹಿ ಹಾಕಿಬಿಟ್ಟೆ ರೀ, ಸ್ವಾಮೇರ,” ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಸೊಸೆ ಓಣಿಗೆಲ್ಲ ಪೇಡಾ ಹಂಚಿದಳು. ನನ್ನ ಪಾಲಿನದು ತಾಟಿನಲ್ಲಿಯೇ ಇದೆ.

೧೨ ಏಪ್ರಿಲ್

ವಿಶ್ವವಿದ್ಯಾಲಯಕ್ಕೆ ಮೂರು ಪುಟಗಳ ಅರ್ಜಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಸಂಪೂರ್ಣ ತಪ್ಪು ಕೆಳಗೆ ಸಹಿ ಮಾಡಿದವನದೆಂದೂ, ಸದರಿ ರಮಾಬಾಯಿಯು ನಿರಪರಾಧಿಯೆಂದೂ, ತಾವು ದಯಾಳುಗಳಾಗಿ ಸದರಿಯವಳ ಪ್ರಕರಣವನ್ನು ಮರುಪರಿಶೀಲಿಸಬೇಕೆಂದೂ ವಿನಂತಿಸಿಕೊಂಡಿದ್ದೇನೆ. ಇಷ್ಟು ಒಳ್ಳೆಯ ಅರ್ಜಿಯನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

೨ ಮೇ

ಉತ್ತರ ಬಂತು. ಕನ್ನಡದಲ್ಲಿಯೇ ಇದೆ, ನಾಲ್ಕು ಸಾಲು. ‘ನಿಮ್ಮ ಪತ್ರವನ್ನು ಸಮಿತಿ ಓದಿತು. ನೀವು ಹೊಣೆ ಹೊತ್ತದ್ದನ್ನು ಗೌರವಿಸುತ್ತೇವೆ. ಆದರೆ ಮೂರು ಪುಟಗಳಲ್ಲಿ ರಮಾಬಾಯಿಯ ಬಗ್ಗೆ ನಮಗೆ ಏನೂ ತಿಳಿಯಲಿಲ್ಲ. ತೀರ್ಮಾನ ಅಂತಿಮ, ಇನ್ನು ಪತ್ರ ವ್ಯವಹಾರವಿಲ್ಲ.’

ನನ್ನ ನಕಲು ತೆಗೆದು ನೋಡಿದೆ. ಅವಳ ಹೆಸರು ಹನ್ನೊಂದು ಸಲ ಬಂದಿದೆ. ಹನ್ನೊಂದು ಸಲವೂ ಅದರ ಹಿಂದೆ ಸದರಿ ಎಂದಿದೆ. ಬೇರೇನೂ ಇಲ್ಲ.

ಬಾವಿ ಬತ್ತುವ ದಿನವನ್ನು ಅವಳು ಮೊದಲೇ ಹೇಳಿದ್ದಳು. ಹೆಂಗಸರು ಡ್ರಮ್ಮು ತುಂಬಿಸಿಟ್ಟುಕೊಂಡಿದ್ದರು. ಅವಳ ತಾಯಿ ನನ್ನ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿದ್ದಳು, ನಾನು ಕಿವಿಯಾರೆ ಕೇಳಿದ್ದೆ.

ಕೇಳಿ, ಇದಕ್ಕೆ ನಮೂನೆಯಿಲ್ಲ ಎಂದಿದ್ದೆ.

೧೧ ಮೇ

ಭಂಕೂರಿಗೆ ಹೋಗಿದ್ದೆ. ಹೇಳಬೇಕಾದ ಮಾತನ್ನು ರೈಲಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡಿದ್ದೆ.

ಅನಸುಬಾಯಿ ಬಾಗಿಲಲ್ಲಿಯೇ ನಿಂತಿದ್ದಳು. ಸೀರೆಯ ಮೇಲೆಲ್ಲ ಕಲ್ಲಿನ ಹುಡಿ. ನಾನು ಹೊರಗಿನ ಕಲ್ಲಿನ ಮೇಲೆ ಕೂರಲು ಹೋದೆ.

“ಒಳಗ ಬರ್ರಿ, ಸ್ವಾಮೇರ. ನಮ್ಮಲ್ಲಿ ಬಂದವ್ರನ್ನ ಒಳಗೇ ಕುಂದ್ರಸ್ತೀವಿ.”

ಒಳಗೆ ಹೋದೆ. ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿದೆ. ತಪ್ಪಾಯಿತು ಎಂದೆ, ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಅದೊಂದೇ ಹೊರಬಂತು.

“ನಿಮಗ ಏನ್ ಅನ್ನೂದದ ರೀ,” ಎಂದಳು. ದನಿ ಏರಿಸಲಿಲ್ಲ. “ನಿಮ್ಮ ಹುಡುಗಿ ನಿಮ್ಮ ಮಾತು ಕೇಳಲಿಲ್ಲ, ಆಕಿಗಿ ಸಿಕ್ತು. ನಮ್ಮ ಹುಡುಗಿ ಕೇಳಿದ್ಲು.”

ನಾನು ತಂಬಿಗೆಯನ್ನು ಕೆಳಗಿಟ್ಟೆ.

“ಕೇಳು ಅಂದಾಕಿ ನಾನೇ ರೀ. ದೊಡ್ಡವ್ರು, ನಲವತ್ತು ವರ್ಷ ಬರ್ದವ್ರು, ಅವರು ಹೇಳಿದಂಗ ಮಾಡು ಅಂದೆ. ಆಕಿ ಮನಿಗಿ ಬಂದು, ಯವ್ವಾ, ಅದು ಖರೇ ಅಲ್ಲ, ಹ್ಯಾಂಗ ಹೇಳಲಿ ಅಂದಿದ್ಲು. ಅವತ್ತ ನಾ ಬೈದೆ.”

ರಮಾಬಾಯಿ ಮನೆಯಲ್ಲಿರಲಿಲ್ಲ. ಅಥವಾ ಹಿತ್ತಲಲ್ಲಿದ್ದು ಒಳಗೆ ಬರಲಿಲ್ಲ. ಹಿತ್ತಲ ಗೂಟಕ್ಕೆ ನಮ್ಮ ಮನೆಯ ಹಗ್ಗವನ್ನು ಸುತ್ತಿಟ್ಟಿದ್ದರು.

ಪಿಯುಸಿಯಲ್ಲಿ ಅವಳಿಗೆ ಭಾಗ್ಯಶ್ರೀಗಿಂತ ಎರಡು ಅಂಕ ಹೆಚ್ಚು ಬಂದಿದೆ. ಬರುವಾಗ ಬಾಗಿಲಲ್ಲಿ ಅನಸುಬಾಯಿ ಹೇಳಿದಳು.

೨೦ ಜುಲೈ

ಭಾಗ್ಯಶ್ರೀ ಇಂದು ಹೊರಟಳು. ವಾಡಿಯಲ್ಲಿ ದೆಹಲಿಯ ಗಾಡಿ. ರಮಾಬಾಯಿಯೂ ಬೀಳ್ಕೊಡಲು ಬಂದಿದ್ದಳು. ಅವಳು ಶಹಾಬಾದಿನಲ್ಲಿಯೇ ಬಿ.ಎಸ್ಸಿ. ಸೇರಿದ್ದಾಳೆ. ಇಬ್ಬರೂ ಒಂದೇ ಮೂಸಂಬಿಯನ್ನು ಸುಲಿದು ತಿನ್ನುತ್ತಿದ್ದರು. ನಾನು ಸ್ವಲ್ಪ ದೂರ ನಿಂತಿದ್ದೆ.

“ನೀರು ಅಳಿಯೂದು ಬಿಡಬ್ಯಾಡ ನೋಡು,” ಎಂದಳು ಭಾಗ್ಯಶ್ರೀ. “ಎರಡು ವರ್ಷದ ಲೆಕ್ಕ ಅದ. ನಡುವ ತಪ್ಪಿದ್ರ ಎಲ್ಲಾ ಹಾಳ.”

“ಒಬ್ಬಾಕಿ ಹ್ಯಾಂಗ ಅಳೀಲೇ? ಹಗ್ಗದ ಆ ಕಡೆ ತುದಿ ಏನ್ ನಿನ್ನ ದೆಹಲಿಯಿಂದ ಹಿಡೀತೀ?”

ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಅತ್ತರು. ಗಾಡಿ ಹತ್ತುವಾಗ ಭಾಗ್ಯಶ್ರೀ ನನ್ನ ಕಾಲು ಮುಟ್ಟಿದಳು. “ಗುಳಿಗಿ ತಪ್ಪಸಬ್ಯಾಡ್ರಿ,” ಎಂದಳು. ಐದು ತಿಂಗಳಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು.

೨೭ ಜುಲೈ

ಭಾನುವಾರ. ಭಂಕೂರಿನವರೆಗೆ ಹೋಗಿ, ಊರ ಮುಂದಿನ ಬೇವಿನ ಮರದಿಂದಲೇ ಹಿಂದಿರುಗಿದೆ.

೩ ಆಗಸ್ಟ್

ಬೆಳಗಿನ ಗಾಡಿಗೆ ಹೋದೆ. ಗಣಿಯ ದಂಡೆಯ ಮೇಲೆ ರಮಾಬಾಯಿ ಒಬ್ಬಳೇ ಕುಳಿತು ಹಗ್ಗದ ಸಿಕ್ಕು ಬಿಡಿಸುತ್ತಿದ್ದಳು. ಹೋದ ವಾರದ್ದು ತಪ್ಪಿತೆಂದಳು. ಹಿಡಿಯಲು ಯಾರೂ ಸಿಕ್ಕಿರಲಿಲ್ಲ.

ಹೋದ ವಾರ ನಾನು ಬೇವಿನ ಮರದವರೆಗೆ ಬಂದಿದ್ದೆ ಎಂದು ಹೇಳಲಿಲ್ಲ. ಹಗ್ಗದ ಒಂದು ತುದಿಗೆ ಕೈ ಚಾಚಿದೆ. ಸಿಕ್ಕು ಬಿಡಿಸಿ ಮುಗಿಸಿ, ಅದನ್ನು ನನಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಆಚೆಯ ದಂಡೆಗೆ ಹೋದಳು.

ಅಳೆಯುವ ಕ್ರಮ ಹೀಗಿದೆ. ಗಣಿಯ ಎರಡು ದಂಡೆಗಳಲ್ಲಿ ಇಬ್ಬರು ನಿಂತು ಹಗ್ಗವನ್ನು ಎಳೆದು ಹಿಡಿಯಬೇಕು. ಅದರ ನಡುವಿನಿಂದ ಗೇಣಿಗೊಂದು ಗಂಟು ಹಾಕಿದ ದಾರ ಇಳಿಬಿದ್ದಿದೆ, ಅದರ ತುದಿಗೆ ಕಲ್ಲು. ಕಲ್ಲು ತಳ ಮುಟ್ಟಿದ ಮೇಲೆ ಹಗ್ಗವನ್ನು ಎತ್ತಿ ಎಳೆದುಕೊಂಡು, ತೊಯ್ದ ಗಂಟುಗಳನ್ನು ಎಣಿಸುವುದು. ಎರಡು ವರ್ಷ ನಮ್ಮ ಮನೆಯ ಹುಡುಗಿ ಮಾಡಿದ ಕೆಲಸ ಇದು. ನಾನು ಇಂದೇ ನೋಡಿದ್ದು.

ಆ ದಂಡೆಯಿಂದ ಕೂಗಿದಳು: “ನಿಂದ್ರಬ್ಯಾಡ್ರಿ, ಕುಂತು ಹಿಡೀರಿ! ನೀವು ಬಿದ್ರ ನನಗ ಈಸಾಕ ಬರಂಗಿಲ್ಲ!”

ಕುಳಿತುಕೊಂಡೆ. ದಾರ ಅಲುಗಾಡುತ್ತಿತ್ತು. ಅದು ನಿಲ್ಲುವವರೆಗೆ ಅವಳು ಕಾದಳು. ಎಳೆದುಕೊಂಡು ಒಂದೊಂದೇ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಸುತ್ತಿಕೊಂಡು ನನ್ನ ದಂಡೆಗೆ ಬಂದು, ಚೀಲದಿಂದ ಅವರ ವಹಿಯನ್ನು ತೆಗೆದುಕೊಟ್ಟಳು. ಅವಳ ಕೈಗಳು ತೊಯ್ದಿದ್ದವು.

“ಹತ್ತೊಂಬತ್ತು,” ಎಂದಳು.

“ಇಪ್ಪತ್ತು ಅಂತ ಬರೀಲೇನು?” ಎಂದು ಕೇಳಿಬಿಟ್ಟೆ. ಕೈಗೆ ಅದೇ ರೂಢಿ.

“ಎಷ್ಟು ತೊಯ್ದಾವ ಅಷ್ಟ ಬರೀರಿ.”

ಮುತ್ಯಾ ಎನ್ನಲಿಲ್ಲ. ಹಿಂದೆ ಅನ್ನುತ್ತಿದ್ದಳು.

ಮೇಲಿನ ಸಾಲಿನಲ್ಲಿ ಭಾಗ್ಯಶ್ರೀಯ ಕೈಬರಹ ಇತ್ತು. ಅದರ ಕೆಳಗೆ ಹೋದ ವಾರದ ಜಾಗವನ್ನು ಖಾಲಿ ಬಿಟ್ಟು ಬರೆದೆ: ಆಗಸ್ಟ್ ೩, ಬೆಳಿಗ್ಗೆ ಎಂಟು ಗಂಟೆ, ಹತ್ತೊಂಬತ್ತು.